ರೇಸ್ ವಿಮಾನದ 7 ಸಿ.ಸಿ. ಟ್ಯಾಂಕ್: ಅದರ ಆಕಾರ ಹಾಗೇಕೆ, ತಗಡಿನಲ್ಲಿ ಮಾಡುವುದು ಹೇಗೆ

ಕಂಟ್ರೋಲ್ ಲೈನ್ ಮಾದರಿ ವಿಮಾನಕ್ಕೆ ರೇಡಿಯೊ ಇರುವುದಿಲ್ಲ. ಅದರ ಎಡ ರೆಕ್ಕೆಯ ತುದಿಯಿಂದ ಹೊರಟ ಎರಡು ತೆಳು ಉಕ್ಕಿನ ತಂತಿಗಳು ವೃತ್ತದ ನಡುವೆ ನಿಂತ ಪೈಲಟ್‌ನ ಹಿಡಿಕೆಗೆ ಸೇರಿರುತ್ತವೆ. ಹಿಡಿಕೆಯನ್ನು ಓರೆ ಮಾಡಿದರೆ ವಿಮಾನ ಏರುತ್ತದೆ, ಇಳಿಯುತ್ತದೆ. ಮಿಕ್ಕಂತೆ ಅದಕ್ಕೆ ಒಂದೇ ದಾರಿ: ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತು ಹೊಡೆಯುವುದು.

ಇದೇ ವಿಮಾನಗಳ ರೇಸ್‌ಗೆ ಟೀಮ್ ರೇಸ್ ಎಂದು ಹೆಸರು. ಅದರ ಅಂತರರಾಷ್ಟ್ರೀಯ ವರ್ಗವಾದ ಎಫ್2ಸಿಯಲ್ಲಿ ಮೂರು ವಿಮಾನಗಳು ಒಂದೇ ವೃತ್ತದಲ್ಲಿ ಒಟ್ಟಿಗೆ ಹಾರುತ್ತವೆ. ವೃತ್ತದ ತ್ರಿಜ್ಯ 15.92 ಮೀಟರ್, ಅಂದರೆ ಒಂದು ಸುತ್ತಿಗೆ 100 ಮೀಟರ್. ಅರ್ಹತಾ ಸುತ್ತಿನ ರೇಸ್ 100 ಸುತ್ತು, ಫೈನಲ್ 200 ಸುತ್ತು. ಎಂಜಿನ್ 2.5 ಸಿ.ಸಿ. ಮೀರಬಾರದು, ಟ್ಯಾಂಕ್ 7 ಸಿ.ಸಿ. ಮೀರಬಾರದು. ಇಂಧನ ಮುಗಿಯುವ ಹೊತ್ತಿಗೆ ಪೈಲಟ್ ವಿಮಾನವನ್ನು ಇಳಿಸುತ್ತಾನೆ. ವೃತ್ತದ ಅಂಚಿನಲ್ಲಿ ಕಾದಿರುವ ಮೆಕ್ಯಾನಿಕ್ ಅದನ್ನು ಹಿಡಿದು, ಕೆಲವೇ ಸೆಕೆಂಡುಗಳಲ್ಲಿ ಇಂಧನ ತುಂಬಿ, ಪ್ರೊಪೆಲ್ಲರ್ ತಿರುಗಿಸಿ ಮತ್ತೆ ಬಿಡುತ್ತಾನೆ.

100 ಸುತ್ತನ್ನು ಎರಡೇ ನಿಲುಗಡೆಯಲ್ಲಿ ಮುಗಿಸಬೇಕಾದರೆ ಪ್ರತಿ ಭರ್ತಿಯೂ 34 ಸುತ್ತು ಬಾಳಬೇಕು. 7 ಸಿ.ಸಿ.ಯನ್ನು 34ರಿಂದ ಭಾಗಿಸಿದರೆ ಸುತ್ತಿಗೆ 0.2 ಸಿ.ಸಿ.ಗಿಂತ ತುಸು ಹೆಚ್ಚು, ಹೆಚ್ಚೆಂದರೆ ನಾಲ್ಕೈದು ಹನಿ. ಟ್ಯಾಂಕಿನ ಮೂಲೆಯಲ್ಲಿ ಅರ್ಧ ಸಿ.ಸಿ. ಸಿಕ್ಕಿಕೊಂಡು ಎಂಜಿನ್ನಿಗೆ ಬಾರದೆ ಉಳಿದರೆ ಎರಡು ಸುತ್ತು ಹೋದ ಹಾಗೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಟ್ಯಾಂಕ್ ಬಿಟ್ಟು ತಗಡು ಕತ್ತರಿಸಿ ಬೆಸುಗೆ ಹಾಕುತ್ತ ಕೂರುವುದಕ್ಕೆ ಮುಖ್ಯ ಕಾರಣ ಇದೇ.

ನೆಲದ ಮೇಲೆ ಒಂದು ಕೆಳಗು, ಹಾರಾಟದಲ್ಲಿ ಇನ್ನೊಂದು

ವೃತ್ತದಲ್ಲಿ ಸುತ್ತುವ ಯಾವುದೇ ವಸ್ತುವಿನೊಳಗಿನ ದ್ರವ ಹೊರಗಡೆಗೆ ಒತ್ತಿಕೊಳ್ಳುತ್ತದೆ. ಎಷ್ಟು ಜೋರಾಗಿ ಎಂಬುದನ್ನು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ ಕಂಡುಕೊಳ್ಳಬಹುದು. ಗಂಟೆಗೆ 200 ಕಿ.ಮೀ. ಎಂದರೆ ಸೆಕೆಂಡಿಗೆ 55.6 ಮೀಟರ್. ಅದರ ವರ್ಗವನ್ನು 15.92ರಿಂದ ಭಾಗಿಸಿದರೆ ಸುಮಾರು 194 ಬರುತ್ತದೆ; ಭೂಮಿಯ ಗುರುತ್ವದ 20 ಪಟ್ಟು. ಅಷ್ಟು ಬಲದ ಮುಂದೆ ಮಾಮೂಲಿ ಗುರುತ್ವ ಲೆಕ್ಕಕ್ಕೇ ಇಲ್ಲ. ಹಾರುತ್ತಿರುವಾಗ ಇಂಧನದ ಪಾಲಿಗೆ ‘ಕೆಳಗೆ’ ಅಂದರೆ ಬಲ ರೆಕ್ಕೆಯ ಕಡೆ. ಈ ಕಡೆಯನ್ನು ಮುಂದೆ ಹೊರಬದಿ ಎಂದೂ, ಪೈಲಟ್ ಇರುವ ಕಡೆಯನ್ನು ಒಳಬದಿ ಎಂದೂ ಕರೆಯೋಣ.

ಆದರೆ ತುಂಬುವುದು ನೆಲದ ಮೇಲೆ. ಅಲ್ಲಿ ಕೆಳಗೆ ಅಂದರೆ ಚಕ್ರದ ಕಡೆಯೇ. ಒಂದು ಕೆಳಗಿನ ಲೆಕ್ಕದಲ್ಲಿ ಪೂರ್ತಿ ತುಂಬಬೇಕು, ಇನ್ನೊಂದು ಕೆಳಗಿನ ಲೆಕ್ಕದಲ್ಲಿ ಪೂರ್ತಿ ಬರಿದಾಗಬೇಕು. ಟ್ಯಾಂಕಿನ ಆಕಾರ, ಕೊಳವೆಗಳ ಜಾಗ ಎಲ್ಲವೂ ಈ ಎರಡು ಬೇಡಿಕೆಗಳಿಂದ ಹುಟ್ಟಿದವು.

ಮಾಮೂಲಿ ಪ್ಲಾಸ್ಟಿಕ್ ಟ್ಯಾಂಕಿನೊಳಗೆ ಒಂದು ಮೆದು ಕೊಳವೆ, ಅದರ ತುದಿಗೆ ತೂಕದ ಗುಂಡು ಇರುತ್ತದೆ. ಇಂಧನ ಎತ್ತ ಹೋದರೂ ಗುಂಡು ಹಿಂಬಾಲಿಸುತ್ತದೆ. ರೇಡಿಯೊ ವಿಮಾನಕ್ಕೆ ಅದು ಚೆನ್ನ. ಇಲ್ಲಿ ಇಂಧನ ಎತ್ತ ಹೋಗುತ್ತದೆಂಬುದು ಮೊದಲೇ ಗೊತ್ತಿದೆ, ಹಾಗಾಗಿ ಗುಂಡು ಅನವಶ್ಯಕ. ಅದು ಗೋಡೆಯಿಂದ ಎಷ್ಟು ದೂರ ನಿಲ್ಲುತ್ತದೆಂಬ ಖಾತ್ರಿಯೂ ಇಲ್ಲ. ಲೋಹದ ಟ್ಯಾಂಕಿನಲ್ಲಿ ಕೊಳವೆಯ ಬಾಯನ್ನು ಅರ್ಧ ಮಿಲಿಮೀಟರ್ ನಿಖರತೆಯಲ್ಲಿ ಬೆಸೆದು ನಿಲ್ಲಿಸಬಹುದು. ವಿಮಾನದ ಒಡಲಿನಲ್ಲಿ ಉಳಿದ ಸೊಟ್ಟ ಜಾಗಕ್ಕೆ ಸರಿಹೊಂದುವಂತೆ ಡಬ್ಬಿಯನ್ನು ಮಾಡಿಕೊಳ್ಳಲೂಬಹುದು.

ಯೂನಿಫ್ಲೋ: ಕೊನೆಯವರೆಗೂ ಒಂದೇ ಒತ್ತಡ

ಎಂಜಿನ್ನಿಗೆ ಹೋಗುವ ಗಾಳಿ ಮತ್ತು ಇಂಧನದ ಅಳತೆ ಹದವಾಗಿರಬೇಕು. ಇಂಧನ ಹೆಚ್ಚಾದರೆ ‘ರಿಚ್’: ಎಂಜಿನ್ ಹೊಗೆ ಕಾರುತ್ತ ನಿಧಾನವಾಗುತ್ತದೆ. ಕಡಿಮೆಯಾದರೆ ‘ಲೀನ್’: ಬಿಸಿಯೇರಿ ಬಿಗಿಯುತ್ತದೆ. ಈ ಹದವನ್ನು ನೀಡಲ್ ಎಂಬ ಸಣ್ಣ ತಿರುಪಿನಿಂದ ಒಮ್ಮೆ ಕೂರಿಸುತ್ತಾರೆ. ಹಾರಾಟದ ನಡುವೆ ಅದನ್ನು ಮುಟ್ಟಲಾಗದು.

ಬರೀ ಗಾಳಿ ತೂತಿರುವ ಟ್ಯಾಂಕಿನಲ್ಲಿ ಇಂಧನ ಖಾಲಿಯಾದಂತೆ ಅದರ ಮೇಲ್ಮೈ ಹೊರಬದಿಗೆ ಸರಿಯುತ್ತದೆ. ಟ್ಯಾಂಕಿನ ಅಗಲ 14.5 ಮಿ.ಮೀ. ಎನ್ನಿ. ಅಲ್ಪವೆನಿಸುತ್ತದೆ, ಆದರೆ 20 ಪಟ್ಟು ಗುರುತ್ವದಲ್ಲಿ ಅದು ನೆಲದ ಮೇಲೆ 290 ಮಿ.ಮೀ. ಎತ್ತರದ ಕಂಬ ಕುಸಿದುದಕ್ಕೆ ಸಮ. ಮೊದಲ ಸುತ್ತಿನಲ್ಲಿ ಹದವಾಗಿದ್ದ ಎಂಜಿನ್ ಕೊನೆಯ ಸುತ್ತುಗಳಲ್ಲಿ ಲೀನ್ ಆಗುವುದು ಇದರಿಂದ.

ಪರಿಹಾರ ಕೋಳಿಮರಿಗಳಿಗೆ ನೀರಿಡುವ ಬೋರಲು ಬಾಟಲಿಯಲ್ಲಿದೆ. ಬಾಟಲಿಯಲ್ಲಿ ನೀರು ಎಷ್ಟೇ ಇರಲಿ, ತಟ್ಟೆಯ ನೀರಿನ ಮಟ್ಟ ಬದಲಾಗುವುದಿಲ್ಲ. ಬಾಟಲಿಗೆ ಗಾಳಿ ಹೋಗಲು ಕೆಳಗಿನ ಬಾಯಿ ಬಿಟ್ಟರೆ ಬೇರೆ ದಾರಿ ಇಲ್ಲದಿರುವುದರಿಂದ, ಆ ಬಾಯಿಯ ಮಟ್ಟದಲ್ಲಿ ಒತ್ತಡ ಸದಾ ಹೊರಗಿನ ಗಾಳಿಯ ಒತ್ತಡವೇ ಆಗಿರುತ್ತದೆ. ಯೂನಿಫ್ಲೋ ಟ್ಯಾಂಕ್ ಇದನ್ನೇ ಮಾಡುತ್ತದೆ. ಗಾಳಿ ಕೊಳವೆಯ ಒಳತುದಿಯನ್ನು ಹೊರಬದಿಯ ಗೋಡೆಯವರೆಗೂ, ಅಂದರೆ ಹಾರಾಟದ ‘ತಳ’ದವರೆಗೂ ಒಯ್ದು ಬಿಡುತ್ತಾರೆ. ಗಾಳಿ ಅಲ್ಲಿಂದ ಗುಳ್ಳೆಯಾಗಿ ಒಳಬದಿಗೆ ಓಡುತ್ತದೆ. ಪಕ್ಕದಲ್ಲೇ ಇರುವ ಇಂಧನ ಕೊಳವೆಯ ಬಾಯಲ್ಲಿ ಒತ್ತಡ ಬಹುತೇಕ ಕೊನೆಯ ಹನಿಯವರೆಗೂ ಒಂದೇ ಆಗಿರುತ್ತದೆ.

ಷರತ್ತು ಒಂದೇ: ಟ್ಯಾಂಕಿಗೆ ಗಾಳಿ ಬೇರೆಲ್ಲಿಂದಲೂ ನುಗ್ಗಬಾರದು. ಒಳಬದಿಯ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಯೂನಿಫ್ಲೋ ಸತ್ತಂತೆ. ಅಲ್ಲಿಂದ ಒಂದು ಹನಿಯೂ ಸೋರುವುದಿಲ್ಲ, ಹಾಗಾಗಿ ಕಣ್ಣಿಗೂ ಬೀಳುವುದಿಲ್ಲ. ಎಂಜಿನ್ ಮಾತ್ರ ಕೊನೆಯಲ್ಲಿ ಲೀನ್ ಆಗುತ್ತಲೇ ಇರುತ್ತದೆ, ಮಾಲೀಕ ನೀಡಲ್ ತಿರುಗಿಸುತ್ತಲೇ ಇರುತ್ತಾನೆ.

ಎರಡು ಕೊಳವೆ, ಎರಡು ಮೂಲೆ

ಇಂಧನ ಕೊಳವೆಯ ಬಾಯಿ ಹೊರಬದಿ ಗೋಡೆಯ ಹತ್ತಿರ, ಹಿಂದೆ, ತಳಕ್ಕೆ ತಾಗಿದಂತೆ ಇರಲಿ. ಹೊರಬದಿ ಹಾರಾಟಕ್ಕಾಗಿ, ತಳ ನೆಲದ ಮೇಲೆ ಎಂಜಿನ್ ಶುರುವಾಗುವ ಕ್ಷಣಕ್ಕಾಗಿ. ಹಿಂದೆ ಏಕೆಂದರೆ, ವೇಗ ಹೆಚ್ಚಾಗುವಾಗಲೂ ಇನ್ನೊಂದು ವಿಮಾನವನ್ನು ದಾಟಲು ಮೂಗೆತ್ತಿದಾಗಲೂ ಇಂಧನ ಹಿಂದಕ್ಕೆ ಸರಿಯುತ್ತದೆ.

ಗಾಳಿ ಕೊಳವೆಯ ಒಳತುದಿಯೂ ಹೊರಬದಿಯ ಹಿಂದಿನ ಮೂಲೆಯಲ್ಲೇ ಇರಬೇಕು, ಆದರೆ ಸೂರಿಗೆ ತಾಗಿದಂತೆ. ನೆಲದ ಮೇಲೆ ತುಂಬುವಾಗ ಒಳಗಿನ ಗಾಳಿ ಹೊರಹೋಗುವುದು ಇದೇ ಕೊಳವೆಯಿಂದ. ಅದರ ಬಾಯಿ ತಳದಲ್ಲಿದ್ದರೆ ಇಂಧನ ಬೇಗನೆ ಅದನ್ನು ಮುಚ್ಚಿಬಿಡುತ್ತದೆ, ಮೇಲೆ ಗಾಳಿ ಸಿಕ್ಕಿಬೀಳುತ್ತದೆ, ಕೊಳವೆ ಇಂಧನ ಉಗುಳುತ್ತದೆ, ತುಂಬಿತೆಂದು ಮೆಕ್ಯಾನಿಕ್ ನಂಬುತ್ತಾನೆ. ತುಂಬುವಾಗ ಬಲ ರೆಕ್ಕೆಯನ್ನು ತುಸು ಎತ್ತಿ ಹಿಡಿದರೆ ಆ ಮೇಲಿನ ಮೂಲೆಯೇ ಅತಿ ಎತ್ತರದ ಜಾಗವಾಗಿ ಗಾಳಿ ಪೂರಾ ಹೊರಬೀಳುತ್ತದೆ.

ಎರಡೂ ಬಾಯಿಗಳ ನಡುವೆ ಕನಿಷ್ಠ 6 ಮಿ.ಮೀ. ಅಂತರವಿರಲಿ. ಗಾಳಿ ಕೊಳವೆಯ ಬಾಯಿ ಇನ್ನೊಂದಕ್ಕಿಂತ 1ರಿಂದ 1.5 ಮಿ.ಮೀ. ಒಳಬದಿಗಿರಲಿ, ಇಲ್ಲವಾದರೆ ಗುಳ್ಳೆಗಳು ನೇರ ಎಂಜಿನ್ನಿಗೆ ಹೋಗುತ್ತವೆ. ಗಾಳಿ ಕೊಳವೆಯ ಹೊರತುದಿಯನ್ನು ಒಳಬದಿಯಿಂದಲೇ ಹೊರತೆಗೆಯಬೇಕು. ಹೊರಬದಿಯಿಂದ ತೆಗೆದರೆ ಇಂಧನ ಬೀಸಿ ಹೊರಚೆಲ್ಲುತ್ತದೆ.

ಹೊರಬದಿ ಗೋಡೆಯ ಓರೆ

ಹೊರಬದಿಯ ಗೋಡೆ ಒಳಬದಿಗೆ ಸಮಾನಾಂತರವಾಗಿದ್ದರೆ ಕೊನೆಯಲ್ಲಿ ಉಳಿದ ಇಂಧನ ತೆಳು ಹಾಳೆಯಂತೆ ಇಡೀ ಗೋಡೆಗೆ ಹರಡಿಕೊಳ್ಳುತ್ತದೆ. 34 ಮಿ.ಮೀ. ಉದ್ದ, 14 ಮಿ.ಮೀ. ಎತ್ತರದ ಗೋಡೆಯ ಮೇಲೆ 1 ಮಿ.ಮೀ. ದಪ್ಪ ಉಳಿದರೆ 0.48 ಸಿ.ಸಿ. ನಷ್ಟ, ಎರಡು ಸುತ್ತಿಗೂ ಹೆಚ್ಚು. ಅದೇ ಗೋಡೆಯನ್ನು ಹಿಂದಿನ ತುದಿಯಲ್ಲಿ 3 ಮಿ.ಮೀ. ಹೊರಗೆ ಓರೆಯಾಗಿಸಿದರೆ ಉಳಿಕೆ ಹಿಂದಿನ ಮೂಲೆಗೆ ಇಳಿದು ಬರುತ್ತದೆ. ಆಗ ನಷ್ಟ ಸುಮಾರು 0.08 ಸಿ.ಸಿ., ಅರ್ಧ ಸುತ್ತಿಗೂ ಕಡಿಮೆ.

ಈ ಓರೆ ಸುಮಾರು 5 ಡಿಗ್ರಿ. ತಂತಿ ಬಿಗಿಯಾಗಿರಲೆಂದು ವಿಮಾನದ ಮೂಗನ್ನು ತುಸು ಹೊರಗೆ ತಿರುಗಿಸಿದ್ದರೆ ಇಂಧನ ಮುಂದಕ್ಕೆ ವಾಲುತ್ತದೆ. ಗೋಡೆಯ ಓರೆ ಆ ಕೋನಕ್ಕಿಂತ ಹೆಚ್ಚಿರಲೇಬೇಕು.

ಅಳತೆ

ಒಳ ಅಳತೆ ಹೀಗಿಟ್ಟುಕೊಳ್ಳಬಹುದು: ಉದ್ದ 34, ಎತ್ತರ 14, ಅಗಲ ಮುಂದೆ 13, ಹಿಂದೆ 16 ಮಿ.ಮೀ. ಸರಾಸರಿ ಅಗಲ 14.5. ಮೂರನ್ನೂ ಗುಣಿಸಿದರೆ 6,902 ಘನ ಮಿ.ಮೀ., ಅಂದರೆ 6.9 ಸಿ.ಸಿ. ಒಳಗಿರುವ ಕೊಳವೆಗಳ ಲೋಹ ಸುಮಾರು 0.13 ಸಿ.ಸಿ. ಜಾಗ ತಿನ್ನುತ್ತದೆ. ಟ್ಯಾಂಕಿನಿಂದ ಎಂಜಿನ್ನಿನವರೆಗಿನ 60 ಮಿ.ಮೀ. ಕೊಳವೆ ಹೆಚ್ಚುಕಡಿಮೆ ಅಷ್ಟನ್ನೇ ವಾಪಸು ಸೇರಿಸುತ್ತದೆ. ಕೊಳವೆಯನ್ನೂ ಕೂಡಿಸಿಯೇ 7ರೊಳಗೆ ನಿಲ್ಲಿಸುವುದು ಕ್ಷೇಮ.

ಎತ್ತರದಲ್ಲಿ ಅರ್ಧ ಮಿ.ಮೀ. ತಪ್ಪಿದರೆ 0.25 ಸಿ.ಸಿ. ವ್ಯತ್ಯಾಸ ಬರುತ್ತದೆ. ಆದ್ದರಿಂದ ಮೊದಲು ದಪ್ಪ ಕಾಗದದಲ್ಲಿ ಮಾದರಿ ಕತ್ತರಿಸಿ, ಮಡಚಿ, ವಿಮಾನದ ಒಡಲಲ್ಲಿ ಕೂರಿಸಿ ನೋಡಿ.

ಲೋಹ ಮತ್ತು ಸಾಮಾನು

0.2ರಿಂದ 0.25 ಮಿ.ಮೀ. ದಪ್ಪದ ಹಿತ್ತಾಳೆ ಹಾಳೆ ಅಥವಾ ತವರ ಲೇಪಿಸಿದ ಉಕ್ಕಿನ ತಗಡು. ಮೊದಲ ಟ್ಯಾಂಕಿಗೆ ಹಿತ್ತಾಳೆಯೇ ಒಳ್ಳೆಯದು: ಸುಲಭವಾಗಿ ಬೆಸುಗೆ ಹಿಡಿಯುತ್ತದೆ, ತುಕ್ಕು ಹಿಡಿಯುವುದಿಲ್ಲ. ತಗಡು ಗಟ್ಟಿ, ಆದರೆ ಕತ್ತರಿಸಿದ ಅಂಚಿನಲ್ಲಿ ಬರಿ ಉಕ್ಕು ತೆರೆದಿರುತ್ತದೆ. ಗಾಳಿಯ ತೇವ ಹೀರುವ ಮೆಥನಾಲ್ ಇಂಧನವಿದ್ದರೆ ಅಲ್ಲಿಂದಲೇ ತುಕ್ಕು ಶುರು. ಹಳೆಯ ಡಬ್ಬಿಯ ತಗಡಾದರೆ ಒಳಗಿನ ಮೆರುಗೆಣ್ಣೆಯನ್ನು ಎಮರಿ ಪೇಪರಿನಿಂದ ತೆಗೆಯಬೇಕು. ಅಲ್ಯೂಮಿನಿಯಂ ಡಬ್ಬಿ ಈ ಕೆಲಸಕ್ಕೆ ಬಾರದು, ಮಾಮೂಲಿ ಸೋಲ್ಡರ್ ಅದಕ್ಕೆ ಹಿಡಿಯುವುದಿಲ್ಲ.

ಕೊಳವೆಗೆ ಹೊರವ್ಯಾಸ 2.4 ಮಿ.ಮೀ. ಹಿತ್ತಾಳೆ. ಬೆಸುಗೆಗೆ ಎರಡು ಬಗೆಯ ಸೋಲ್ಡರ್ ಇಟ್ಟುಕೊಳ್ಳಿ: 221 ಡಿಗ್ರಿಯಲ್ಲಿ ಕರಗುವ ತವರ-ಬೆಳ್ಳಿ ಮತ್ತು 183ರಿಂದ 190 ಡಿಗ್ರಿಯ ನಡುವೆ ಕರಗುವ 60/40 ತವರ-ಸೀಸ. ಇದರ ಉಪಯೋಗ ಕೊನೆಯ ಮುಚ್ಚಳ ಹಾಕುವಾಗ ತಿಳಿಯುತ್ತದೆ. ಅಗಲ ಮೊನೆಯ, 60ರಿಂದ 100 ವ್ಯಾಟಿನ ಸೋಲ್ಡರಿಂಗ್ ಐರನ್ ಬೇಕು. ಎಲೆಕ್ಟ್ರಾನಿಕ್ಸ್‌ಗೆ ಬಳಸುವ ಚಿಕ್ಕದು ತಗಡನ್ನು ಕಾಯಿಸಲಾರದೆ ಸೋಲ್ಡರನ್ನು ಗಂಟುಗಂಟಾಗಿ ಕೂರಿಸುತ್ತದೆ.

ಮಾಡುವ ಕ್ರಮ

ಒಳ ಅಳತೆಗೆ ಸರಿಯಾಗಿ ಗಟ್ಟಿ ಮರದ ಅಚ್ಚು ಮಾಡಿ. ಸುತ್ತಿನ ನಾಲ್ಕು ಗೋಡೆಗಳು ಒಂದೇ ಹಾಳೆ, ಎರಡು ತುದಿಗೆ ಎರಡು ಮುಚ್ಚಳ. ಮುಚ್ಚಳದ ಅಂಚನ್ನು ಸುತ್ತಲೂ 2.5 ಮಿ.ಮೀ. ಮಡಚಿ ತಟ್ಟೆಯಂತೆ ಮಾಡಿ, ಮಡಿಕೆ ಹೊರಮುಖವಾಗಿರುವಂತೆ ಡಬ್ಬಿಯೊಳಗೆ ತಳ್ಳಬೇಕು. ಹಾಗಾಗಿ ಹಾಳೆಯ ಉದ್ದ 34 ಅಲ್ಲ, 39 ಮಿ.ಮೀ. ಇದನ್ನು ಮರೆತರೆ ಟ್ಯಾಂಕ್ ಒಂದು ಸಿ.ಸಿ.ಯಷ್ಟು ಕುಗ್ಗುತ್ತದೆ. ಮುಚ್ಚಳ ಕೂರುವ ಗೆರೆಯಲ್ಲಿ ಸುತ್ತಳತೆ ಮುಂದೆ 54, ಹಿಂದೆ 60 ಮಿ.ಮೀ. ಬರಬೇಕು, ಜೋಡಣೆಗೆ ಮೇಲೊಂದು ಪದರ ಬರಲು ಇನ್ನೂ 5 ಮಿ.ಮೀ. ಆ ಜೋಡಣೆ ಒಳಬದಿ ಗೋಡೆಯ ಮೇಲೆ ಬರಲಿ. ಹೊರಬದಿಗೆ ಬಂದರೆ 20 ಪಟ್ಟು ತೂಕದ ಇಂಧನ ಸದಾ ಅದನ್ನೇ ಒತ್ತುತ್ತಿರುತ್ತದೆ.

ಬೆಸೆಯುವ ಎರಡೂ ಅಂಚುಗಳನ್ನು ಉಜ್ಜಿ, ಸೋಲ್ಡರ್ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್ ಸವರಿ, ಮೊದಲು ಬೇರೆಬೇರೆಯಾಗಿ ತೆಳು ಸೋಲ್ಡರ್ ಹಚ್ಚಿ. ನಂತರ ಒಂದರ ಮೇಲೊಂದಿಟ್ಟು ಐರನ್ ಒತ್ತಿದರೆ ನಡುವಿನದು ಕರಗಿ ಕೂಡಿಕೊಳ್ಳುತ್ತದೆ. ಸಂದು ಕಿರಿದಾಗಿದ್ದಷ್ಟೂ ಬೆಸುಗೆ ಬಲವಾಗುತ್ತದೆ. ದೊಡ್ಡ ಸಂದನ್ನು ಸೋಲ್ಡರಿನಿಂದ ತುಂಬಿಸಿದರೆ ಎಂಜಿನ್ನಿನ ನಡುಕಕ್ಕೆ ಅದು ಸೀಳುತ್ತದೆ.

ಗೋಡೆಯ ಜೋಡಣೆ, ಮುಂದಿನ ಮುಚ್ಚಳ, ಎರಡೂ ಕೊಳವೆ ಇವಿಷ್ಟಕ್ಕೂ ತವರ-ಬೆಳ್ಳಿ ಸೋಲ್ಡರ್. ಎರಡು ಕೊಳವೆಗಳೂ ಮುಂದಿನ ಮುಚ್ಚಳದ ಮೂಲಕವೇ ಹಾಯಲಿ. ಇಂಧನ ಕೊಳವೆಯ ತುದಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಹೊರಬದಿ ಗೋಡೆಯಿಂದ 0.7 ಮಿ.ಮೀ., ಹಿಂದಿನ ಮುಚ್ಚಳ ಬರುವ ಗೆರೆಯಿಂದ 1.5 ಮಿ.ಮೀ. ದೂರ ನಿಲ್ಲಿಸಿ. ತೀರಾ ಹತ್ತಿರವಾದರೆ ಗೋಡೆಯೇ ಬಾಯಿ ಮುಚ್ಚಿದಂತಾಗುತ್ತದೆ. ಎರಡೂ ಕೊಳವೆಗಳನ್ನು ಒಳಗೆ ಗೋಡೆಗೋ ಸೂರಿಗೋ ಒಂದೊಂದು ಕಡೆ ಬೆಸೆಯಿರಿ. ಒಂದೇ ತುದಿಯಲ್ಲಿ ಹಿಡಿದ ಕೊಳವೆ ನಡುಗಿ ನಡುಗಿ ಮುಚ್ಚಳದ ಬಳಿ ಬಿರುಕು ಬಿಡುತ್ತದೆ.

ಹಿಂದಿನ ಮುಚ್ಚಳ ಕೊನೆಗೆ. ತೆರೆದ ತುದಿಯಿಂದ ಎರಡೂ ಬಾಯಿಗಳ ಜಾಗ ಇನ್ನೊಮ್ಮೆ ಅಳೆದು ನೋಡಿ, ಮುಚ್ಚಿದ ಮೇಲೆ ನೋಡಲಾಗದು. ಈ ಮುಚ್ಚಳಕ್ಕೆ 60/40 ಸೋಲ್ಡರ್. ಅದು ಮೊದಲೇ ಕರಗುವುದರಿಂದ ಒಳಗಿನ ಬೆಸುಗೆಗಳು ಅಲುಗುವುದಿಲ್ಲ. ಡಬ್ಬಿಯ ಮುಂಭಾಗಕ್ಕೆ ಒದ್ದೆ ಬಟ್ಟೆ ಸುತ್ತಿದರೆ ಇನ್ನೂ ಭದ್ರ. ಕೊಳವೆಗಳ ಬಾಯಿ ತೆರೆದಿರಲಿ. ಮುಚ್ಚಿದ್ದರೆ ಕಾದು ಹಿಗ್ಗುವ ಗಾಳಿ ಕರಗಿದ ಸೋಲ್ಡರನ್ನು ತಳ್ಳಿಕೊಂಡು ಹೊರಬಂದು ಸಣ್ಣ ತೂತು ಬಿಡುತ್ತದೆ.

ಜಿಂಕ್ ಕ್ಲೋರೈಡ್ ಫ್ಲಕ್ಸ್ ಬಳಸಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಒಳಗೆ ಹಾಕಿ ಕುಲುಕಿ, ಬರಿ ನೀರಿನಲ್ಲಿ ಹಲವು ಸಲ ತೊಳೆದು ಒಣಗಿಸಿ. ಉಳಿದ ಆಮ್ಲ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟಿಸುತ್ತದೆ, ಅದು ಉದುರಿ ನೀಡಲ್ ರಂಧ್ರ ಮುಚ್ಚುತ್ತದೆ. ಸೋಲ್ಡರಿನ ಸಣ್ಣ ಗುಂಡುಗಳೂ ಹಾಗೆಯೇ.

ಹಾರಿಸುವ ಮೊದಲು ಮೇಜಿನ ಮೇಲೆ ಪರೀಕ್ಷೆ

ಸೋರಿಕೆ: ಒಂದು ಕೊಳವೆ ಮುಚ್ಚಿ, ಟ್ಯಾಂಕನ್ನು ನೀರಲ್ಲಿ ಮುಳುಗಿಸಿ, ಇನ್ನೊಂದರಿಂದ ಮೆಲ್ಲಗೆ ಗಾಳಿ ಊದಿ. ಜೋರಾಗಿ ಊದಿದರೆ ಚಪ್ಪಟೆ ಗೋಡೆಗಳು ಉಬ್ಬಿ ಅಳತೆಯೇ ಕೆಡುತ್ತದೆ. ಗುಳ್ಳೆ ಬಂದ ಜಾಗವನ್ನು ಒಣಗಿಸಿ, ಫ್ಲಕ್ಸ್ ಹಾಕಿ, ಐರನ್ ಮುಟ್ಟಿಸಿದರೆ ಸಾಮಾನ್ಯವಾಗಿ ಇರುವ ಸೋಲ್ಡರೇ ಹರಿದು ಮುಚ್ಚಿಕೊಳ್ಳುತ್ತದೆ.

ಗಾತ್ರ: ಖಾಲಿ ಟ್ಯಾಂಕ್ ತೂಗಿ, ಗಾಳಿ ಉಳಿಯದಂತೆ ನೀರು ತುಂಬಿ ಮತ್ತೆ ತೂಗಿ. ಒಂದು ಗ್ರಾಂ ಒಂದು ಸಿ.ಸಿ. ಹೆಚ್ಚಾದರೆ ಸೂರಿನ ಮೇಲೆ ದುಂಡು ಕೋಲಿನಿಂದ ಸಣ್ಣ ನೆಗ್ಗು ಹಾಕಿದರಾಯಿತು. ಕಡಿಮೆಯಾದರೆ ಹಿಂದಿನ ಮುಚ್ಚಳವನ್ನು ಬಿಸಿ ಮಾಡಿ ಸರಿಸಿ: ಅರ್ಧ ಮಿ.ಮೀ.ಗೆ ಸುಮಾರು 0.1 ಸಿ.ಸಿ. ಸಿಗುತ್ತದೆ.

ಉಳಿಕೆ: ಟ್ಯಾಂಕನ್ನು ಹೊರಬದಿ ಕೆಳಗೆ ಬರುವಂತೆ ಮಲಗಿಸಿ. ಈಗ ಭೂಮಿಯ ಗುರುತ್ವವೇ ಹಾರಾಟದ ಬಲದ ಪಾತ್ರ ಮಾಡುತ್ತದೆ. ಸಿರಿಂಜಿನಿಂದ ಇಂಧನ ಕೊಳವೆಯ ಮೂಲಕ ಗಾಳಿ ಬರುವವರೆಗೆ ಎಳೆದು, ಉಳಿದದ್ದನ್ನು ತೂಗಿ. 0.15 ಗ್ರಾಂ ಮೀರಿದರೆ ಬಾಯಿಯ ಜಾಗ ತಪ್ಪಿದೆ.

ಯೂನಿಫ್ಲೋ: ಅದೇ ಭಂಗಿಯಲ್ಲಿ ತುಂಬಿಸಿ, ಇಂಧನ ಕೊಳವೆಗೆ ಉದ್ದ ಟ್ಯೂಬ್ ಸಿಕ್ಕಿಸಿ 20 ಸೆಂ.ಮೀ. ಕೆಳಕ್ಕೆ ಇಳಿಬಿಟ್ಟು ನೀರು ಹರಿಯಲು ಬಿಡಿ. ಒಂದೊಂದು ಸಿ.ಸಿ.ಗೆ ಎಷ್ಟು ಸೆಕೆಂಡು ಎಂದು ಬರೆದುಕೊಳ್ಳಿ. ಮೊದಲ ಸಿ.ಸಿ.ಗೂ ಆರನೆಯದಕ್ಕೂ ಒಂದೇ ಸಮಯ ಹಿಡಿದರೆ ಸರಿ. ನಿಧಾನವಾಗುತ್ತ ಹೋದರೆ ಎಲ್ಲೋ ಗಾಳಿ ನುಗ್ಗುತ್ತಿದೆ.

ವಿಮಾನದಲ್ಲಿ ಕೂರಿಸುವಾಗ

ಇಂಧನ ಎಂಜಿನ್ನಿಗೆ ಸೇರುವ ಜಾಗ ಸ್ಪ್ರೇಬಾರ್. ಯೂನಿಫ್ಲೋ ಬಾಯಿ ಅದಕ್ಕಿಂತ ಹೊರಬದಿಗಿದ್ದರೆ ಹಾರಾಟದಲ್ಲಿ ಎಂಜಿನ್ ಇಂಧನವನ್ನು ‘ಮೇಲಕ್ಕೆ’ ಎಳೆಯಬೇಕು, ಹಾಗಾಗಿ ಲೀನ್ ಆಗುತ್ತದೆ. ಒಳಬದಿಗಿದ್ದರೆ ರಿಚ್. ಒಂದು ಮಿ.ಮೀ. ಸರಿಸಿದರೂ ಒತ್ತಡ ಸುಮಾರು 155 ಪಾಸ್ಕಲ್ ಬದಲಾಗುತ್ತದೆ. ನೆಲದ ಮೇಲೆ ಈ ವ್ಯತ್ಯಾಸವೇ ಇರುವುದಿಲ್ಲ; ನಿಂತಲ್ಲಿ ಚೆನ್ನಾಗಿ ಓಡಿದ ಎಂಜಿನ್ ಹಾರಿದೊಡನೆ ಬೇರೆ ರಾಗ ಹಾಡುವುದು ಅದಕ್ಕೇ.

ಗಾಳಿ ಕೊಳವೆಯ ಹೊರಬಾಯಿ ಮುಂದಕ್ಕೆ ಮುಖಮಾಡಿದ್ದರೆ ಎದುರುಗಾಳಿ 200 ಕಿ.ಮೀ. ವೇಗದಲ್ಲಿ ಸುಮಾರು 1,850 ಪಾಸ್ಕಲ್ ಒತ್ತಡ ಕೂಡಿಸುತ್ತದೆ. ಅದು ಟ್ಯಾಂಕನ್ನು 12 ಮಿ.ಮೀ. ಒಳಬದಿಗೆ ಸರಿಸಿದ್ದಕ್ಕೆ ಸಮ. ಆ ಬಾಯಿ ಸಿಲಿಂಡರಿನ ಹಿಂದಿನ ಕಲಕಿದ ಗಾಳಿಯಲ್ಲಿದ್ದರೆ ಹದ ಸುತ್ತಿನಿಂದ ಸುತ್ತಿಗೆ ಏರಿಳಿಯುತ್ತದೆ.

ಜೋಡಿಸುವ ಮೆದು ಟ್ಯೂಬಿನ ಆಯ್ಕೆ ಇಂಧನದ ಮೇಲೆ ನಿಂತಿದೆ. ಮೆಥನಾಲ್ ಇಂಧನಕ್ಕೆ ಸಿಲಿಕೋನ್ ನಡೆಯುತ್ತದೆ. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆತ ಡೀಸೆಲ್ ಇಂಧನದಲ್ಲಿ ಅದು ಊದಿ ಸಡಿಲವಾಗಿ ಕಳಚುತ್ತದೆ. ಅಲ್ಲಿ ನಿಯೋಪ್ರೀನ್ ಬೇಕು.

ಕೆಟ್ಟಾಗ

ಮೊದಲು ಹದ, ಕೊನೆಗೆ ಲೀನ್: ಒಳಬದಿಯ ಸೂಜಿತೂತು. ಇಂಧನ ಉಳಿದಿದ್ದರೂ ಎಂಜಿನ್ ಥಟ್ಟನೆ ನಿಂತರೆ ಇಂಧನ ಕೊಳವೆ ಜಾಗ ಬಿಟ್ಟು ಬಾಗಿದೆ ಅಥವಾ ಒಳಗಿನ ಬೆಸುಗೆ ಕಳಚಿದೆ. ಹಾರಾಟವಿಡೀ ಎಂಜಿನ್ ಮುಗ್ಗರಿಸುತ್ತಿದ್ದರೆ, ನಡುಕಕ್ಕೆ ಇಂಧನ ನೊರೆಯಾಗುತ್ತಿದೆ ಎಂಬ ಅನುಮಾನ: ಪ್ರೊಪೆಲ್ಲರಿನ ತೂಕ ಎರಡೂ ಕಡೆ ಸಮವಿದೆಯೇ ನೋಡಿ, ಆಮೇಲೆ ಟ್ಯಾಂಕ್ ಮತ್ತು ಒಡಲಿನ ನಡುವೆ ತೆಳು ಫೋಮ್ ಹಾಕಿ. ಭರ್ತಿಯಿಂದ ಭರ್ತಿಗೆ ಸುತ್ತಿನ ಲೆಕ್ಕ ಬೇರೆಬೇರೆ ಬಂದರೆ ಟ್ಯಾಂಕನ್ನು ಬಿಚ್ಚುವ ಮೊದಲು ಮೆಕ್ಯಾನಿಕ್ ವಿಮಾನವನ್ನು ಪ್ರತಿ ಸಲವೂ ಒಂದೇ ಕೋನದಲ್ಲಿ ಹಿಡಿಯುತ್ತಾನೆಯೇ ಎಂದು ಗಮನಿಸಿ.

ಬಳಸಿದ ಟ್ಯಾಂಕಿಗೆ ಮತ್ತೆ ಬೆಸುಗೆ ಹಾಕಬೇಕಾದರೆ, ಖಾಲಿಯಾಗಿ ಕಂಡರೂ ಅದರಲ್ಲಿ ಈಥರ್ ಇಲ್ಲವೇ ಮೆಥನಾಲ್ ಆವಿ ಇರುತ್ತದೆ. ಸಾಬೂನು ನೀರು ತುಂಬಿ ಚೆಲ್ಲಿ, ಹಲವು ಸಲ ತೊಳೆದು, ಎರಡೂ ಕೊಳವೆ ತೆರೆದಿಟ್ಟು ಪೂರ್ತಿ ಆರಿದ ಮೇಲಷ್ಟೇ ಐರನ್ ತಾಗಿಸಿ. ಇಂಧನದ ಬಾಟಲಿ ಆ ಕೋಣೆಯಲ್ಲೇ ಇರಬಾರದು; ಈಥರಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ತಲುಪುತ್ತದೆ.